ಮಾಲೀಕರ ಗೊಂಚಲು

"ಬೀಗ ಹಾಕಿದ್ರು ಅಕ್ಕಾ. ಹಾಕದೆ ಮೇಲೆ ಹತ್ತೋರೇ ಅಲ್ಲ ಅವರು."

ಮೆಕ್ಯಾನಿಕ್‌ನ ಹೆಂಡತಿ ಈ ಮಾತನ್ನು ಎಷ್ಟು ಜನರ ಮುಂದೆ ಎಷ್ಟು ಸಲ ಹೇಳಿದ್ದಳೋ. ಹೇಳಿ ಹೇಳಿ ಅದರೊಳಗಿನ ಅಳು ಬತ್ತಿ, ಬರೀ ಹಟ ಉಳಿದಿತ್ತು. ಇನ್‌ಸ್ಪೆಕ್ಟರಮ್ಮ ಗುಡ್ಡದ ಮೇಲಿನ ಎರಡನೇ ಗಾಳಿಯಂತ್ರದ ಕಂಬದೊಳಗೆ, ತಣ್ಣಗಿನ ಕಬ್ಬಿಣದ ನೆಲಕ್ಕೆ ಮಂಡಿಯೂರಿ, ಸ್ವಿಚ್ಚಿನ ಪೆಟ್ಟಿಗೆಗೆ ಮೂಗು ತಾಗುವಷ್ಟು ಹತ್ತಿರದಿಂದ ಟಾರ್ಚ್ ಹಿಡಿದು ನೋಡುತ್ತಿದ್ದಳು.

ಅವಳು ಇನ್‌ಸ್ಪೆಕ್ಟರ್ ಏನೂ ಅಲ್ಲ. ಹೆಡ್ ಕಾನ್‌ಸ್ಟೆಬಲ್ ಆಗಿದ್ದಾಗ ಮೇಲಿನವರ ಜೊತೆ ಜಗಳವಾಡಿ ಕೆಲಸ ಬಿಟ್ಟವಳು. ಸರ್ಕಾರ ಕೊಡದ ಬಡ್ತಿಯನ್ನು ಊರು ಪುಕ್ಕಟೆಯಾಗಿ ಕೊಟ್ಟಿತ್ತು. ಈಗ ಟೈಲರ್ ಅಂಗಡಿಯ ಮೇಲಿನ ಕೋಣೆಯಲ್ಲಿ ಕೂತು, ಓಡಿಹೋದ ಗಂಡಂದಿರನ್ನೂ ಕಳುವಾದ ಸ್ಕೂಟರುಗಳನ್ನೂ ಹುಡುಕಿಕೊಡುವುದು ಅವಳ ಹೊಟ್ಟೆಪಾಡು. ಸ್ಕೂಟರಾದರೆ ಸಿಕ್ಕಿದ ಮೇಲೆ ಮನೆಯವರು ಸಂತೋಷಪಡುತ್ತಾರೆ ಎಂಬುದು ಅವಳ ಅನುಭವ.

ಆದರೆ ಈ ಸಲ ಹುಡುಕಬೇಕಾಗಿದ್ದದ್ದು ಒಂದು ಬೀಗವನ್ನು. ಕಳೆದ ಶನಿವಾರ ಮಧ್ಯಾಹ್ನ ಮೆಕ್ಯಾನಿಕ್ ಕಂಬದ ತುದಿಯ ಯಂತ್ರದ ಕೋಣೆಯಲ್ಲಿ ಗ್ರೀಸ್ ತುಂಬುತ್ತಿದ್ದಾಗ, ನಿಲ್ಲಿಸಿಟ್ಟಿದ್ದ ರೆಕ್ಕೆಗಳು ಇದ್ದಕ್ಕಿದ್ದಂತೆ ತಿರುಗಿ ಅವನನ್ನು ಬಲಿ ತೆಗೆದುಕೊಂಡಿದ್ದವು. ಓಡಿಬಂದವರು ನೋಡಿದಾಗ ಕೆಳಗಿನ ಸ್ವಿಚ್ಚಿನ ಮೇಲೆ ಬೀಗ ಇರಲಿಲ್ಲ. ಬೀಗ ಹಾಕಲು ಮರೆತ, ಪ್ರಾಣ ಕಳೆದುಕೊಂಡ ಎಂದು ಗಾಳಿ ವಿದ್ಯುತ್ ಸಹಕಾರ ಸಂಘ ಅಂದೇ ಷರಾ ಬರೆದುಬಿಟ್ಟಿತು. ನಾಳೆ ಬೆಳಿಗ್ಗೆಯ ಸಭೆಯಲ್ಲಿ ಎಲ್ಲರೂ ಕೈ ಎತ್ತಿ ಒಪ್ಪಿಬಿಟ್ಟರೆ ಮುಗಿಯಿತು. ವಿಮೆಯವರು ಬಾಗಿಲು ಹಾಕಿಕೊಳ್ಳುತ್ತಾರೆ. ಅದು ಹಾಳಾಗಲಿ, ಮೆಕ್ಯಾನಿಕ್‌ನ ಮಗಳು ಬದುಕಿಡೀ 'ಬೀಗ ಮರೆತವನ ಮಗಳು' ಆಗಿ ಉಳಿಯುತ್ತಾಳೆ.

ಟಾರ್ಚಿನ ಬೆಳಕು ಸ್ವಿಚ್ಚಿನ ಹಿಡಿಕೆಯ ಕೆಳಗೆ, ಬೀಗದ ಕೊಂಡಿ ಹಾಯುವ ತೂತಿನ ಅಂಚಿನಲ್ಲಿ ನಿಂತಿತು. ಅಲ್ಲಿ ನೀಲಿ ಬಣ್ಣ. ಎಳ್ಳಿನಷ್ಟು, ಯಾರೋ ಒರೆಸಿದ ಹಾಗೆ.

"ನಿಮ್ಮವರ ಬೀಗಕ್ಕೆ ಬಣ್ಣ ಇತ್ತಾ?"

"ಇತ್ತಲ್ಲ. ನಾನೇ ನೇಲ್‌ಪಾಲಿಶ್ ಹಚ್ಚಿಕೊಡ್ತಿದ್ದೆ. ಹತ್ತು ಬೀಗದ ಮಧ್ಯ ಇದ್ರೂ ತನ್ನದು ಯಾವುದು ಅಂತ ಗೊತ್ತಾಗ್ಲಿ ಅಂತ."

"ಯಾವ ಬಣ್ಣ?"

"ಕೆಂಪು."

ಇನ್‌ಸ್ಪೆಕ್ಟರಮ್ಮನ ಉತ್ಸಾಹ ಜರ್ರನೆ ಇಳಿಯಿತು. "ಯಾವಾಗ್ಲೂ ಕೆಂಪೇನಾ?"

"ಯಾವಾಗ್ಲೂ. ಅವತ್ತು ಮಾತ್ರ ಸೀಸೆ ಖಾಲಿಯಾಗಿತ್ತು. ಮಗಳ ನೀಲಿ ತಗೊಂಡು ದಪ್ಪಗೆ ಬಳಿದೆ. ಒಣಗೋಕೂ ಬಿಡ್ಲಿಲ್ಲ, ಹೊತ್ತಾಯ್ತು ಅಂತ ಕಿತ್ಕೊಂಡು, ಬೈಕ್ ಹತ್ತೋವಾಗ್ಲೂ ಉಫ್ ಉಫ್ ಅಂತ ಊದ್ತಾ..." ಅವಳು ಅಲ್ಲಿಗೇ ನಿಲ್ಲಿಸಿದಳು. ಟಾರ್ಚಿನ ಬೆಳಕು ಅವಳ ಕಣ್ಣಿಗೂ ಬಿದ್ದಿತ್ತು. "ಅಕ್ಕಾ, ಅದು ನೀಲಿನಾ?"

"ನೀಲಿನೇ."

ಹೆಂಗಸು ಕೂಗಲಿಲ್ಲ, ಅಳಲಿಲ್ಲ. ಕಂಬದ ಗೋಡೆಗೆ ಅಂಗೈ ಊರಿ ನಿಂತುಕೊಂಡಳು. ಸತ್ತ ಗಂಡ ತಪ್ಪು ಮಾಡಿರಲಿಲ್ಲ ಎನ್ನುವುದು ಸಂತೋಷದ ಸುದ್ದಿಯೋ ದುಃಖದ ಸುದ್ದಿಯೋ ಅವಳಿಗೆ ಆ ಕ್ಷಣಕ್ಕೆ ತಿಳಿದಂತಿರಲಿಲ್ಲ.

ಆ ದಿನ ಬೀಗ ಅಲ್ಲಿತ್ತು, ಅಷ್ಟು ಖಂಡಿತ. ಹಿಡಿಕೆಯ ಮೇಲೆ ಗರಗಸದ ಗೀರಾಗಲಿ ಸುತ್ತಿಗೆಯ ಏಟಾಗಲಿ ಇಲ್ಲ. ಬೀಗವನ್ನು ಒಡೆದಿರಲಿಲ್ಲ, ಕೀ ಹಾಕಿ ತೆಗೆದಿದ್ದರು.

"ಒಂದು ಕೀ ಅವರ ಜೇಬಲ್ಲೇ ಸಿಕ್ತು. ಎರಡನೇದು?"

"ಎರಡನೇದು ಗೊಂಚಲಲ್ಲಿ," ಎಂದಳು ಮೆಕ್ಯಾನಿಕ್‌ನ ಹೆಂಡತಿ, ಉಗುಳನ್ನು ಉಗಿದ ಹಾಗೆ.

ಗೊಂಚಲಿನ ಕತೆ ಹೀಗೆ. ಸಂಘ ಹುಟ್ಟಿದಾಗ ಕಾವಲುಗಾರನನ್ನು ಇಡುವ ಯೋಗ್ಯತೆ ಇರಲಿಲ್ಲ. ಊರಿನ ಕುಹಕಿಗಳು ಇದನ್ನು ಗಾಳಿಗೋಪುರ ಎಂದು ಆಡಿಕೊಳ್ಳುತ್ತಿದ್ದ ಕಾಲ ಅದು. ಆಗ ಷೇರು ತೆಗೆದುಕೊಂಡ ಮನೆಗಳೇ ವಾರಕ್ಕೊಂದರಂತೆ ಸರದಿಯಲ್ಲಿ ಕೀ ಗೊಂಚಲು ಇಟ್ಟುಕೊಂಡು, ಕಂಬದ ಬಾಗಿಲು ತೆಗೆದು, ಒಳಗೆ ಗುಡಿಸಿ ಬರುವ ಪದ್ಧತಿ ಶುರುವಾಯಿತು. ಆಮೇಲೆ ಕಾಸು ಬಂತು, ಪದ್ಧತಿ ಹೋಗಲಿಲ್ಲ. ಗೊಂಚಲು ಮನೆಗೆ ಬಂದ ವಾರ ಜನ ಅದನ್ನು ಬೆರಳಿಗೆ ಸಿಕ್ಕಿಸಿಕೊಂಡು ಅಂಗಡಿಗೂ ಹೋಗಿಬರುತ್ತಿದ್ದರು, ನಾಲ್ಕು ಜನ ನೋಡಲಿ ಎಂದು. ಒಲೆಗೊಂದು ಓಟು, ಎಲ್ಲರೂ ಮಾಲೀಕರು. ಮಾಲೀಕರಿಗೆ ತೆಗೆಯಲಾಗದ ಬೀಗ ನಮ್ಮ ಆಸ್ತಿಯೊಳಗೆ ಯಾಕಿರಬೇಕು ಎಂದು ಯಾರೋ ಸಭೆಯಲ್ಲಿ ಕೇಳಿದರು. ಸರಿ, ಮೆಕ್ಯಾನಿಕ್‌ನ ಬೀಗದ ಎರಡನೇ ಕೀ ಕೂಡ ಗೊಂಚಲಿಗೆ ಬರಲಿ ಎಂದು ಕೈಗಳು ಎದ್ದವು.

"ಅದು ಫ್ಯಾನಿಗೆ ಹಾಕೋ ಬೀಗ ಅಲ್ಲ ಸ್ವಾಮಿ, ನನ್ನ ಪ್ರಾಣಕ್ಕೆ ಹಾಕ್ಕೊಳ್ಳೋ ಬೀಗ," ಎಂದಿದ್ದನಂತೆ ಮೆಕ್ಯಾನಿಕ್. ಸಭೆ ನಕ್ಕಿತಂತೆ. ತುದಿಯಲ್ಲಿ ರೆಕ್ಕೆಗೆ ಅಡ್ಡ ಕೊಡುವ ಕಬ್ಬಿಣದ ಗೂಟ ಮುರಿದಿದೆ, ಹೊಸದು ತರಿಸಿ ಎಂದು ಅವನು ಕೇಳಿದ್ದನ್ನೂ ಅದೇ ಸಭೆ ಮುಂದಿನ ವರ್ಷ ನೋಡೋಣ ಎಂದು ಮುಂದೂಡಿತ್ತು. ಮಾಲೀಕರಾಗುವುದು ಸುಲಭ, ಮನುಷ್ಯರಾಗುವುದು ಸ್ವಲ್ಪ ನಿಧಾನ.

"ಏನ್ ಮೇಡಂ, ಕೆಳಗೇ ಕೂತುಬಿಟ್ರಿ? ಎಲ್ಲಾದ್ರೂ ಹುಳುಕು ಸಿಕ್ತಾ?"

ಬಾಗಿಲಿಗೆ ಅಡ್ಡಲಾಗಿ ಸಂಘದ ಅಧ್ಯಕ್ಷರು ನಿಂತಿದ್ದರು. ವೃತ್ತಿಯಿಂದ ಹಲ್ಲಿನ ಡಾಕ್ಟರು. ಊರಿನ ಅರ್ಧ ಜನ ಅವರ ಮುಂದೆ ಬಾಯಿ ತೆರೆದು ಕೂತವರಾದ್ದರಿಂದ, ಅವರೆದುರು ಬಾಯಿ ತೆರೆದು ಮಾತಾಡುವ ಧೈರ್ಯ ಉಳಿದರ್ಧ ಜನಕ್ಕೆ ಮಾತ್ರ ಇತ್ತು.

"ಸಿಕ್ತು ಡಾಕ್ಟ್ರೇ. ಬೀಗ ಹಾಕಿತ್ತು. ಗೊಂಚಲಿನ ಕೀಯಿಂದ ಯಾರೋ ತೆಗೆದಿದ್ದಾರೆ."

ಅಧ್ಯಕ್ಷರ ನಗು ಹಾಗೇ ಇತ್ತು, ಅದರ ಹಿಂದಿನ ಮುಖ ಮಾತ್ರ ಬದಲಾಯಿತು. "ನೋಡಿ, ನಿಮಗೆ ಈಯಮ್ಮನ ಮೇಲೆ ಕನಿಕರ ಇದೆ, ನಮಗೂ ಇದೆ. ಹಾಗಂತ ನೂರಾರು ಮನೆಗಳ ಬಂಡವಾಳದ ಮೇಲೆ ಕೊಲೆ ಅನ್ನೋ ಮಾತು ಬಿದ್ರೆ ಬ್ಯಾಂಕು ಸುಮ್ನಿರುತ್ತಾ? ಸಂಘ ಮುಳುಗುತ್ತೆ. ನಿಮ್ಮ ಮನೆ ಷೇರೂ ಮುಳುಗುತ್ತೆ."

"ಮುಳುಗಲಿ. ಆ ವಾರ ಗೊಂಚಲು ಯಾರ ಮನೇಲಿತ್ತು?"

"ಲಾಂಡ್ರಿಯವರ ಸರದಿ."

"ಹಾಗಾದ್ರೆ ಲಾಂಡ್ರಿಯವರನ್ನೇ ಕೇಳ್ತೀನಿ."

"ಕೇಳಿ ಪ್ರಯೋಜನ ಇಲ್ಲ. ಅವರು ಊರಲ್ಲಿರಲಿಲ್ಲ. ಶುಕ್ರವಾರ ಸಾಯಂಕಾಲವೇ ಬೇರೆ ಮನೆ ಜೊತೆ ಸರದಿ ಅದಲುಬದಲು ಮಾಡ್ಕೊಂಡು ಹೋದ್ರು." ಡಾಕ್ಟರು ಜೇಬಿನಿಂದ ಕರ್ಚೀಫು ತೆಗೆದು ಕನ್ನಡಕ ಒರೆಸಿಕೊಂಡರು. ಹಲ್ಲು ಕೀಳುವ ಮುಂಚೆ ರೋಗಿಗೆ ಮದ್ದು ಏರಲೆಂದು ಕಾಯುವವರ ತಾಳ್ಮೆ ಅದು. "ಯಾವ ಮನೆ ಅಂತ ನಿಮಗೆ ಗೊತ್ತಿಲ್ವಾ? ನಿಮ್ಮದೇ ಅಲ್ವಾ ಮೇಡಂ."

ಇನ್‌ಸ್ಪೆಕ್ಟರಮ್ಮ ಮೆಕ್ಯಾನಿಕ್‌ನ ಹೆಂಡತಿಯ ಕಡೆ ತಿರುಗಿದಳು. ಹೆಂಗಸು ನೆಲ ನೋಡುತ್ತಿದ್ದಳು.

---

ಸ್ಕೂಟರಿನಲ್ಲಿ ಗುಡ್ಡ ಇಳಿಯುವಾಗ ಇನ್‌ಸ್ಪೆಕ್ಟರಮ್ಮನಿಗೆ ನೆನಪಾದದ್ದು ಅಣ್ಣನ ಕಾರಿನ ಗೇರಿನ ಗುಂಡು.

ಶುಕ್ರವಾರ, ಶನಿವಾರ ಅವಳು ಬೇರೊಂದು ಕೇಸಿನ ಮೇಲೆ ಊರಾಚೆ ಹೋಗಿದ್ದಳು. ಭಾನುವಾರ ಬಸ್ ಸ್ಟ್ಯಾಂಡಿಗೆ ಅಣ್ಣನೇ ಕಾರು ತಂದಿದ್ದ. ಅಣ್ಣ ಡ್ರೈವಿಂಗ್ ಸ್ಕೂಲ್ ನಡೆಸುವವನು. ಪಕ್ಕದ ಸೀಟಿನಲ್ಲಿ ಕೂತು, ತನ್ನ ಕಾಲಡಿಯ ಎರಡನೇ ಬ್ರೇಕಿನಿಂದ ಕಲಿಯುವವರ ಕಾರನ್ನು ನಿಲ್ಲಿಸುವುದೇ ಅವನ ಜೀವನೋಪಾಯ. ಅವತ್ತು ಗೇರಿನ ಗುಂಡಿನ ಮೇಲೆ ನೀಲಿ ಕಲೆ ಕಂಡು, "ಇದೇನೋ ಅಣ್ಣ, ಕಾರಿಗೂ ಮದರಂಗಿ ಹಾಕ್ದೆಯಾ?" ಎಂದು ಅವಳು ರೇಗಿಸಿದ್ದಳು. "ಯಾವನೋ ಕಲಿಯೋನ ಪೆನ್ನು ಸೋರಿದ್ದು," ಎಂದಿದ್ದ ಅವನು. ನಕ್ಕಿರಲಿಲ್ಲ.

ಅಣ್ಣ, ಅತ್ತಿಗೆ, ತಾನು. ಮನೆಯಲ್ಲಿ ಇರುವುದೇ ಮೂವರು. ಷೇರು ಕೊಳ್ಳೋಣ ಎಂದು ಮೊದಲು ಎದ್ದವರು ಅತ್ತಿಗೆ. "ಜನ್ಮವಿಡೀ ಕರೆಂಟ್ ಬಿಲ್ ಕಟ್ಟಿದ್ದಾಯ್ತು, ಒಂದ್ಸಲ ನಾವೂ ಕರೆಂಟ್ ಮಾರೋಣ," ಎಂದಿದ್ದರು. ಅಡುಗೆಮನೆ ಹೊಸದು ಮಾಡಿಸಲೆಂದು ಕೂಡಿಟ್ಟದ್ದೆಲ್ಲ ಗುಡ್ಡ ಹತ್ತಿತು. ಮೂವರೂ ಊಟಕ್ಕೆ ಕೂತಾಗ ಒಪ್ಪಿಕೊಂಡ ಸಂಗತಿ ಅದು, ಒಬ್ಬರ ಮೇಲೆ ಒಬ್ಬರು ಹಾಕುವಂತಿಲ್ಲ. ಅಂದಿನಿಂದ ಅತ್ತಿಗೆ ಬೆಳಿಗ್ಗೆ ಎದ್ದು ಕಣ್ಣುಜ್ಜುವ ಮುಂಚೆ ಮೊಬೈಲಿನಲ್ಲಿ ಸಂಘದ ಆ್ಯಪ್ ತೆಗೆದು, ಫ್ಯಾನು ಎಷ್ಟು ತಿರುಗಿತು ಎಂದು ನೋಡುವವರು. ತಾರಸಿಯಿಂದ ಎರಡನೇ ಯಂತ್ರ ನೇರವಾಗಿ ಕಾಣುತ್ತದಾದ್ದರಿಂದ ಅದಕ್ಕೆ 'ನಮ್ಮದು' ಎಂದೇ ಹೆಸರು. ಗಾಳಿ ಬಿದ್ದರೆ ಅವರಿಗೆ ತಲೆನೋವು.

ಮನೆಯವರ ಮೇಲೆ ಅನುಮಾನ ಪಡುವುದು ಕೆಟ್ಟ ಕೆಲಸ. ಇಪ್ಪತ್ತು ವರ್ಷ ಬೇರೆಯವರ ಮನೆಯವರ ಮೇಲೆ ಅದನ್ನೇ ಮಾಡಿ ಸಂಬಳ ಎಣಿಸಿದವಳಿಗೆ ಅದರ ರುಚಿ ಇಂದು ಗೊತ್ತಾಯಿತು.

---

ಮನೆಯ ಪಕ್ಕದ ಶೆಡ್ಡಿನಲ್ಲಿ ಕಾರು ನಿಂತಿತ್ತು. ಅಡುಗೆಮನೆಯ ಕಿಟಕಿ ಶೆಡ್ಡಿಗೇ ತೆರೆಯುತ್ತದೆ. ಒಳಗೆ ಅತ್ತಿಗೆ ಪಾತ್ರೆ ತೊಳೆಯುವ ಸದ್ದು.

ಗೇರಿನ ಗುಂಡನ್ನು ಪೆಟ್ರೋಲ್ ಹಾಕಿ ಉಜ್ಜಿದ್ದರು. ಆದರೂ ಕೆಳಗಿನ ಸಂದಿಯಲ್ಲಿ ನೀಲಿ ಉಳಿದಿತ್ತು. ಅವಳು ಡಿಕ್ಕಿ ತೆಗೆದಳು, ಮ್ಯಾಟು ಸರಿಸಿದಳು, ಸ್ಟೆಪ್ನಿ ಟಯರನ್ನು ಎರಡೂ ಕೈಯಿಂದ ಎತ್ತಿದಳು. ಸಿಗದಿರಲಿ ದೇವರೇ ಎಂದು ಅವಳು ಹುಡುಕಿದ ಮೊದಲ ವಸ್ತು ಅದು. ಸಿಕ್ಕಿತು.

ಅಂಗೈಯಗಲದ ಬೀಗ. ದಪ್ಪ ನೀಲಿಯ ಮೇಲೆ ಹೆಬ್ಬೆಟ್ಟು ಒತ್ತಿದ್ದು, ಒಂದೊಂದು ಗೆರೆಯೂ ಅಚ್ಚಾಗಿ ಒಣಗಿತ್ತು.

"ಏನ್ ಹುಡುಕ್ತಿದ್ದೀಯೇ?"

ಅಣ್ಣ ಹಿಂದೆ ನಿಂತಿದ್ದ. ಅವಳು ತಿರುಗಿ ಕೈ ಮುಂದೆ ಚಾಚಿದಳು. "ಸಿಕ್ತು."

ಅವನು ಬೀಗ ನೋಡಿದ, ತಂಗಿಯ ಮುಖ ನೋಡಿದ. ದಪ್ಪ ಮನುಷ್ಯ, ಇದ್ದಲ್ಲೇ ಕುಸಿದು ಕಾರಿನ ಅಂಚಿಗೆ ಕೂತುಬಿಟ್ಟ.

"ನನಗೇನು ಗೊತ್ತಿತ್ತು ಅವನು ಮೇಲೇ ಇದ್ದಾನೆ ಅಂತ?"

"ಬೀಗ ಇದ್ರೆ ಒಳಗೆ ಆಳು ಇದ್ದಾನೆ ಅಂತ ಅರ್ಥ. ಇಷ್ಟೂ ಗೊತ್ತಿರಲಿಲ್ವಾ ಮಾಲೀಕನಿಗೆ?"

"ಸಂಘದ ವಾಟ್ಸಾಪ್ ಗ್ರೂಪಲ್ಲಿ ಏನೆಲ್ಲ ಬರೀತಿದ್ರು ಗೊತ್ತಾ? ತಿಂಗಳಿಂದ ಗಾಳಿ ಇಲ್ಲ, ಇವತ್ತು ಒಂದೇ ಸಮ ಬೀಸ್ತಿದೆ, ಎರಡನೇದು ಯಾಕೆ ನಿಂತಿದೆ, ಗೊಂಚಲು ಇರೋ ಮನೆಯವರು ಸತ್ತಿದ್ದೀರಾ ಅಂತ. ಮನೆ ಮನೆಯವರೂ ಬೈದ್ರು. ನಾನು ಹೋದೆ. ನೋಡಿದೆ. ಬೀಗ ಇತ್ತು. ಮರೆತು ಬಿಟ್ಟು ಹೋಗಿದ್ದಾನೆ ಅಂದ್ಕೊಂಡು ತೆಗೆದೆ."

"ಹ್ಯಾಂಡಲ್ ಎತ್ತಿದ್ದೂ ನೀನೇ."

"ನಾನೇ." ಅಣ್ಣ ಮುಖ ಉಜ್ಜಿಕೊಂಡ. "ಹೊರಗೆ ಬಂದು ನಿಂತು ನೋಡಿದೆ ಕಣೇ. ತಿರುಗ್ತಿತ್ತು. ಚೆನ್ನಾಗಿ ತಿರುಗ್ತಿತ್ತು. ಫೋಟೋ ತೆಗೆದು ಗ್ರೂಪಿಗೆ ಹಾಕೋಣ ಅಂತ ಆ ಕಡೆ ಹೋದ್ರೆ, ಕಂಬದ ನೆರಳಲ್ಲಿ ಅವನ ಬೈಕು ನಿಂತಿತ್ತು."

 ಆ ಬೈಕನ್ನು ಕಂಡ ಕ್ಷಣದ ಅಣ್ಣನ ಮುಖ ಇನ್‌ಸ್ಪೆಕ್ಟರಮ್ಮನ ಕಣ್ಣಿಗೆ ಕಟ್ಟಿತು. ಅಯ್ಯೋ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೇ ಅವಳಿಗೆ ತನ್ನ ಮೇಲೆ ಸಿಟ್ಟು ಬಂತು.

"ಓಡಿ ಹೋಗಿ ನಿಲ್ಲಿಸಿದೆ. ಕೂಗಿದೆ. ಮೇಲಿಂದ ಏನೂ ಕೇಳ್ಸಲಿಲ್ಲ."

"ಆಮೇಲೆ ಬೀಗ ಜೇಬಿಗೆ ಹಾಕ್ಕೊಂಡೆ."

"ಭಯ ಆಯ್ತು."

"ಭಯ ಅವತ್ತಿಗೆ ಅಣ್ಣ. ಭಾನುವಾರ? ಸೋಮವಾರ? ಇಷ್ಟು ದಿನ ಆ ಹೆಂಗಸು ಬೀದಿ ಬೀದಿಯಲ್ಲಿ ಬೀಗ ಹಾಕಿದ್ರು, ಬೀಗ ಹಾಕಿದ್ರು ಅಂತ ಗೋಗರೀತಿದ್ಲು. ಬೀಗ ನಿನ್ನ ಸ್ಟೆಪ್ನಿ ಕೆಳಗಿತ್ತು. ತೆಗೆದದ್ದು ತಪ್ಪು, ಒಪ್ಪೋಣ. ಸತ್ತವನು ಹಾಕೇ ಇರಲಿಲ್ಲ ಅಂತ ಊರು ಹೇಳೋವಾಗ ಸುಮ್ನೆ ಕೂತು ಊಟ ಮಾಡಿದ್ದು ಪಾಪ."

ಅಣ್ಣ ತಲೆ ಎತ್ತಿದ. ಅವನ ಕಣ್ಣಲ್ಲಿ ಈಗ ಹೆದರಿಕೆ ಇರಲಿಲ್ಲ, ಮೂಲೆಗೆ ಸಿಕ್ಕ ಬೆಕ್ಕಿನ ಸಿಟ್ಟಿತ್ತು. "ಏನ್ಮಾಡ್ತೀಯ? ನಾಳೆ ಸಭೇಲಿ ಎದ್ದು ಹೇಳ್ತೀಯಾ, ನಮ್ಮಣ್ಣ ಅಂತ?"

"ಹೇಳ್ತೀನಿ."

"ನಿನ್ನನ್ನ ಕೆಲಸದಿಂದ ಓಡಿಸಿದಾಗ ಯಾರು ಮನೆಗೆ ಕರ್ಕೊಂಡು ಬಂದದ್ದು?"

"ನೀನೇ. ಅದನ್ನೂ ಹೇಳ್ತೀನಿ."

"ನಮ್ಮ ಒಲೆಗೆ ಇರೋದು ಒಂದೇ ಓಟು. ಅದು ನನ್ನ ಕೈಲಿದೆ. ನೀನು ಎದ್ದು ಏನಾದ್ರೂ ಅನ್ನು, ಕೈ ಎತ್ತೋದು ನಾನು."

ಒಡಹುಟ್ಟಿದವರ ಜಗಳದಲ್ಲಿ ಒಂದು ಮಾತು ಬರುತ್ತದೆ, ಆಡಿದ ಮೇಲೆ ಇಬ್ಬರೂ ಅದನ್ನು ನುಂಗಲಾರರು. ಅದು ಬಂದಾಗಿತ್ತು. ಅಣ್ಣನಿಗೂ ಅದು ತಿಳಿಯಿತೇನೋ, ದನಿ ಇಳಿಸಿದ.

"ನಾನು ಹಾಗೇ ಕಣ್ಣುಮುಚ್ಚಿ ತೆಗೀಲಿಲ್ಲ ಕಣೇ. ಕೇಳಿ ತೆಗೆದೆ. ಬೀಗ ಕಂಡು ಹೊರಗೆ ಬಂದು ಮೊದಲು ಮನೆಗೆ ಕೇಳಿದೆ, ಆಮೇಲೆ ಅವನ ನಂಬರಿಗೆ ಫೋನ್ ಮಾಡಿದೆ."

"ಮೇಲಿದ್ದವನು ಎತ್ತಿದ್ನಾ?"

"ಅವನು ಹತ್ತೋವಾಗ ಫೋನ್ ಮನೇಲೇ ಬಿಟ್ಟು ಹೋಗ್ತಿದ್ದ. ಹೆಂಡತಿ ಎತ್ತಿದ್ಲು. ಇಳಿದಾಯ್ತು, ಊಟಕ್ಕೆ ಬರ್ತಿದ್ದಾರೆ ಅಂದ್ಲು. ಅವಳ ಬಾಯಿಂದಲೇ ಬಂದ ಮಾತು. ಈಗ ಅವಳೇ ನ್ಯಾಯ ಕೇಳ್ಕೊಂಡು ನಿನ್ನ ಬಾಗಿಲಿಗೆ ಬಂದಿದ್ದಾಳೆ."

"ಸುಳ್ಳು."

ಅಣ್ಣ ಮೊಬೈಲು ತೆಗೆದು ಅವಳ ಕೈಗೆ ತುರುಕಿದ. ಶನಿವಾರ, ಮಧ್ಯಾಹ್ನ, ಮೆಕ್ಯಾನಿಕ್‌ನ ನಂಬರು. ಮಾತಾಡಿದ್ದು ಒಂದು ನಿಮಿಷವೂ ಇಲ್ಲ. ಆದರೆ ಮಾತಾಡಿದ್ದು ನಿಜ.

ಇನ್‌ಸ್ಪೆಕ್ಟರಮ್ಮ ಯೋಚಿಸಲಿಲ್ಲ. ಅದೇ ಫೋನಿನಿಂದ ಅದೇ ನಂಬರು ಒತ್ತಿ, ಸ್ಪೀಕರ್ ಹಾಕಿ ಕಾರಿನ ಮೇಲಿಟ್ಟಳು.

ಎರಡನೇ ರಿಂಗಿಗೇ ಆ ಕಡೆ ಎತ್ತಿದರು. ಅಣ್ಣನ ನಂಬರು ಕಂಡೂ ಮೆಕ್ಯಾನಿಕ್‌ನ ಹೆಂಡತಿಯ ದನಿಯಲ್ಲಿ ಆಶ್ಚರ್ಯವಿರಲಿಲ್ಲ.

"ಗೊತ್ತಾಯ್ತಾ ಅಕ್ಕಾ?"

"ನಿನಗೆ ಮೊದಲೇ ಗೊತ್ತಿತ್ತು."

"ಗೊತ್ತಿತ್ತು. ಫೋನ್ ಎತ್ತಿದ್ದು ನಾನೇ ಅಲ್ವಾ? ನಾನು ಹೇಳಿದ್ರೆ ಸೇಡಿಗೆ ಹೇಳ್ತಾಳೆ ಅಂತಿದ್ರು. ಪುರಾವೆ ಎಲ್ಲಿ ಅಂತಿದ್ರು. ಅದಕ್ಕೇ ಬೇರೆ ಯಾರ ಹತ್ರಾನೂ ಹೋಗ್ಲಿಲ್ಲ. ಆ ಮನೆಯವರ ಬಾಯಿಂದಲೇ ಬರಲಿ ಅಂತ ನಿಮ್ಮ ಹತ್ರಾನೇ ಬಂದೆ."

ಇನ್‌ಸ್ಪೆಕ್ಟರಮ್ಮ ಇಷ್ಟು ದಿನ ಆ ಹೆಂಗಸಿಗೆ ತಾನು ಆಸರೆ ಎಂದುಕೊಂಡಿದ್ದಳು. ಆಸರೆಯಲ್ಲ, ಅವಳ ಕೈಯ ಕತ್ತಿ. ಆದರೂ ತಪ್ಪು ಹಿಡಿಯಲು ಮನಸ್ಸು ಬರಲಿಲ್ಲ.

"ಇಳಿದಾಯ್ತು ಅಂತ ಯಾಕಮ್ಮ ಹೇಳಿದೆ?"

 ಈ ಸಲ ಆ ಕಡೆಯ ದನಿಯಲ್ಲಿ ಹಟ ಇರಲಿಲ್ಲ, ಬತ್ತಿಹೋಗಿದ್ದ ಅಳು ಎಲ್ಲಿತ್ತೋ ಅಲ್ಲಿಂದ ಬಂದಿತ್ತು.

"ಅದಕ್ಕೆ ಸ್ವಲ್ಪ ಮುಂಚೆ ಇನ್ನೊಂದು ಫೋನ್ ಬಂದಿತ್ತು ಅಕ್ಕಾ. ನಿಮ್ಮೋರು ಕಂಬದಿಂದ ಹೊರಗೆ ಬಂದ್ರು, ತಾರಸಿಯಿಂದ ನೋಡಿದೆ, ತಟ್ಟೆ ಹಾಕಿ ಅಂದ್ರು. ನಾನು ತಟ್ಟೆ ಹಾಕ್ಕೊಂಡು ಕಾಯ್ತಾ ಕೂತಿದ್ದೆ. ಫೋನ್ ಮಾಡಿದ್ದು ನಿಮ್ಮ ಅತ್ತಿಗೆ."

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು.

ಅಣ್ಣ ಕಿಟಕಿಯ ಕಡೆ ತಿರುಗಿದ. ಅವನಿಗೂ ಇದು ಹೊಸ ಸುದ್ದಿ ಎಂಬುದು ಅವನ ಬಾಯಿ ತೆರೆದುಕೊಂಡ ರೀತಿಯಲ್ಲೇ ತಿಳಿಯುತ್ತಿತ್ತು. "ಹೋಗಿ ತೆಗೀರಿ ಅಂತ ನನ್ನನ್ನ ಕಳ್ಸಿದ್ದು ನೀನು," ಎಂದ, ತನಗೆ ತಾನೇ ಹೇಳಿಕೊಂಡ ಹಾಗೆ. "ಫೋನ್ ಮಾಡಿ ಕೇಳಿ ಅಂದದ್ದೂ ನೀನೇ."

ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಅತ್ತಿಗೆ ಕಿಟಕಿಯ ಸರಳಿನ ಹತ್ತಿರ ಬಂದರು. ಅವರು ಗಂಡನನ್ನು ನೋಡಲಿಲ್ಲ. ನಾದಿನಿಯನ್ನು ನೇರವಾಗಿ ನೋಡಿದರು.

"ಹೊರಗೆ ಬಂದದ್ದನ್ನ ಕಣ್ಣಾರೆ ಕಂಡೆ, ಅದು ಸುಳ್ಳಲ್ಲ," ಎಂದರು. "ಆದರೆ ಬಂದದ್ದು ಮೆಕ್ಯಾನಿಕ್ ಅಲ್ಲ, ನಿಮ್ಮಣ್ಣ ಅಂತ ನನಗೆ ಆಗಲೇ ಗೊತ್ತಿತ್ತು."